ಮೆದುನೆಲದ ಮೇಲೆ ಹೆದ್ದಾರಿಯ ಏರಿ: ನೆಲದ ತನಿಖೆಯಿಂದ ಡಾಂಬರಿನವರೆಗೆ

ಗಟ್ಟಿ ನೆಲದ ಮೇಲೆ ಮೂರು ಮೀಟರ್ ಎತ್ತರದ ರಸ್ತೆ ಏರಿಯನ್ನು ಕಟ್ಟುವುದೆಂದರೆ ಬಹುಮಟ್ಟಿಗೆ ಮಣ್ಣು ತಂದು, ಹರಡಿ, ನೀರು ಹದಮಾಡಿ, ರೋಲರ್ ಓಡಿಸುವ ಕೆಲಸ. ಅದೇ ಏರಿಯನ್ನು ನದೀಮುಖದ ಹೂಳಿನ ಮೇಲೆ, ಹಿನ್ನೀರಿನ ಅಂಚಿನ ಕಪ್ಪು ಜೇಡಿಯ ಮೇಲೆ ಅಥವಾ ಕೊಳೆತ ಸಸ್ಯಗಳಿಂದಾದ ಪೀಟ್ ಪದರದ ಮೇಲೆ ಕಟ್ಟಬೇಕಾದಾಗ ಏರಿಯ ಮಣ್ಣಿಗಿಂತ ಅದರ ಕೆಳಗಿರುವ ನೆಲವೇ ಕೆಲಸದ ವೇಗವನ್ನೂ ವೆಚ್ಚವನ್ನೂ ನಿರ್ಧರಿಸುತ್ತದೆ. ಅಂಥ ನೆಲದಲ್ಲಿ ಕೆಲಸ ಮಾಡುವ ಕಿರಿಯ ಎಂಜಿನಿಯರುಗಳನ್ನೂ ಮೇಲ್ವಿಚಾರಕರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಕೆಲಸ ನಡೆಯುವ ಕ್ರಮದಲ್ಲಿಯೇ ಈ ಲೇಖನವನ್ನು ಬರೆದಿದ್ದೇನೆ. ಒಂದು ಮಾತನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ: ಮೆದುನೆಲದ ಕೆಲಸದಲ್ಲಿ ಮಣ್ಣು, ಮರಳು, ಏರಿಗೆ ಬಲ ಕೊಡುವ ಪ್ಲಾಸ್ಟಿಕ್ ಜಾಲರಿಯಾದ ಜಿಯೋಗ್ರಿಡ್‌ಗಳಷ್ಟೇ ಮುಖ್ಯವಾದ ಸಾಮಗ್ರಿ ಕಾಲ. ಅದನ್ನು ವೇಳಾಪಟ್ಟಿಯಲ್ಲಿ ಮೊದಲೇ ಇರಿಸಿಕೊಳ್ಳದ ಕಾಮಗಾರಿಯಲ್ಲಿ ಉಳಿದ ಯಾವ ಉಪಾಯವೂ ತನ್ನ ಪೂರ್ಣ ಫಲವನ್ನು ಕೊಡುವುದಿಲ್ಲ.

ನೆಲದೊಳಗೆ ನಡೆಯುವುದೇನು

ಮೆತ್ತನೆಯ ಜೇಡಿಮಣ್ಣಿನಲ್ಲಿ ಕಣಗಳ ನಡುವಿನ ಸಂದುಗಳೆಲ್ಲ ನೀರಿನಿಂದ ತುಂಬಿರುತ್ತವೆ. ಮೇಲೆ ಏರಿಯ ಭಾರ ಬಿದ್ದೊಡನೆ ಆ ಭಾರವನ್ನು ಕಣಗಳಲ್ಲ, ನೀರು ಹೊರುತ್ತದೆ. ನೀರು ಹೊರಗೆ ಹರಿದುಹೋದಂತೆಲ್ಲ ಭಾರವು ಕಣಗಳಿಗೆ ವರ್ಗವಾಗುತ್ತದೆ, ಕಣಗಳು ಹತ್ತಿರವಾಗುತ್ತವೆ, ನೆಲ ತಗ್ಗುತ್ತದೆ ಮತ್ತು ಗಟ್ಟಿಯಾಗುತ್ತದೆ. ಕನ್ಸಾಲಿಡೇಷನ್ ಎಂದು ಕರೆಯುವ ಈ ಕ್ರಿಯೆಯ ಗಣಿತವನ್ನು ಎಂಜಿನಿಯರ್ ಕಾರ್ಲ್ ಟೆರ್ಜಾಗಿ 1925ರಲ್ಲಿ ಪ್ರಕಟಿಸಿದರು. ಜೇಡಿಯಲ್ಲಿ ನೀರು ಅತಿ ನಿಧಾನವಾಗಿ ಹರಿಯುವುದರಿಂದ ಈ ವರ್ಗಾವಣೆಗೆ ತಿಂಗಳುಗಳಲ್ಲ, ವರ್ಷಗಳೇ ಹಿಡಿಯಬಹುದು.

ಇದರಿಂದ ಎರಡು ಅಪಾಯಗಳು ಹುಟ್ಟುತ್ತವೆ. ನೀರು ಹೊರಗೆ ಹೋಗುವ ಮೊದಲೇ ಮಿತಿಮೀರಿ ಮಣ್ಣು ಸುರಿದರೆ ಬುನಾದಿಯ ನೆಲ ಪಕ್ಕಕ್ಕೆ ಜಾರಿ, ಏರಿ ಸೀಳಿ, ಬುಡದಾಚೆ ಕೆಸರು ಉಬ್ಬಿ ಏಳುತ್ತದೆ. ಇದು ಕೆಲವೇ ಗಂಟೆಗಳಲ್ಲಿ ನಡೆದುಹೋಗುವ ಜಾರುಕುಸಿತ. ಜಾರದೆ ಉಳಿದರೂ ರಸ್ತೆ ತೆರೆದ ಮೇಲೆ ವರ್ಷಗಟ್ಟಲೆ ಇಳಿಯುತ್ತ ಹೋಗುವುದು ಎರಡನೆಯ ಅಪಾಯ. ಈ ಬರಹದಲ್ಲಿ ‘ಇಳಿತ’ ಎಂಬ ಪದವನ್ನು ನೆಲ ಹೀಗೆ ನಿಧಾನವಾಗಿ ತಗ್ಗುವುದಕ್ಕೆ, ಅದು ರಸ್ತೆ ತೆರೆಯುವ ಮೊದಲಾಗಲಿ ಆಮೇಲಾಗಲಿ, ಮಾತ್ರ ಬಳಸುತ್ತೇನೆ, ಏಕೆಂದರೆ ಎರಡನ್ನೂ ‘ಕುಸಿತ’ ಎಂದು ಬರೆದ ವರದಿಗಳಿಂದ ಗೊಂದಲವಾಗುವುದುಂಟು.

ಮೊದಲ ಹೆಜ್ಜೆ: ನೆಲದ ತನಿಖೆ

ಗಟ್ಟಿ ನೆಲದಲ್ಲಿ ಎಲ್ಲರೂ ನೆಚ್ಚುವ ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಪರೀಕ್ಷೆ (ಸಲಾಕೆಯನ್ನು ಹೊಡೆದು ಇಳಿಸಿ ಪೆಟ್ಟುಗಳನ್ನು ಎಣಿಸುವುದು) ಇಲ್ಲಿ ಹೆಚ್ಚಿನದನ್ನೇನೂ ಹೇಳುವುದಿಲ್ಲ. ಸಲಾಕೆ ತನ್ನ ತೂಕಕ್ಕೇ ಕೆಳಗಿಳಿಯುವ ಮಣ್ಣಿನಲ್ಲಿ ಪೆಟ್ಟಿನ ಎಣಿಕೆ ಸೊನ್ನೆ, ಒಂದು ಅಥವಾ ಎರಡು ಎಂದು ಬರುತ್ತದೆ. ಸೊನ್ನೆಗೂ ಎರಡಕ್ಕೂ ನಡುವೆ ಏರಿ ನಿಲ್ಲುವುದೂ ಬೀಳುವುದೂ ಅಡಗಿರುವಾಗ ಆ ಎಣಿಕೆಯ ಮೇಲೆ ವಿನ್ಯಾಸ ಮಾಡಬಾರದು. ನೀರಿನ ಒತ್ತಡವನ್ನೂ ಅಳೆಯುವ ಕೋನ್ ಪರೀಕ್ಷೆಯನ್ನು ರಸ್ತೆಯ ಉದ್ದಕ್ಕೂ ಮಾಡಿಸಿ. ಜೇಡಿಯ ನಡುವೆ ಅಡಗಿರುವ ಬೆರಳು ದಪ್ಪದ ಮರಳಿನ ಎಳೆಗಳನ್ನೂ ಅದು ತೋರಿಸುತ್ತದೆ, ಮತ್ತು ನೀರು ಹೊರಹೋಗುವ ವೇಗ ಆ ಎಳೆಗಳ ಮೇಲೆ ಬಹಳವಾಗಿ ನಿಂತಿರುತ್ತದೆ. ಅದರ ಜೊತೆಗೆ ಆಯ್ದ ಸ್ಥಳಗಳಲ್ಲಿ ವೇನ್ ಶಿಯರ್ ಪರೀಕ್ಷೆಯನ್ನೂ (ನೆಲದೊಳಗೆ ರೆಕ್ಕೆಗಳನ್ನು ತಿರುಗಿಸಿ ಮಣ್ಣಿನ ಬಲ ಅಳೆಯುವುದು), ತೆಳುಗೋಡೆಯ ಕೊಳವೆಯಲ್ಲಿ ಎತ್ತಿದ ಕದಡದ ಸ್ಯಾಂಪಲ್‌ಗಳ ಮೇಲೆ ಕನ್ಸಾಲಿಡೇಷನ್ ಪರೀಕ್ಷೆಯನ್ನೂ ಮಾಡಿಸಬೇಕು.

ವೇನ್ ಪರೀಕ್ಷೆಯ ಅಂಕಿಯನ್ನು ಹಾಗೆಯೇ ಬಳಸುವುದು ಅಪಾಯಕರ. ಪರೀಕ್ಷೆಯಲ್ಲಿ ರೆಕ್ಕೆಗಳು ನಿಮಿಷಗಳಲ್ಲಿ ಮಣ್ಣನ್ನು ಕತ್ತರಿಸುತ್ತವೆ. ಏರಿಯಾದರೋ ವಾರಗಳ ಕಾಲ ಒತ್ತುತ್ತದೆ. ಕುಸಿದ ಏರಿಗಳಿಂದ ಹಿಮ್ಮುಖವಾಗಿ ನೆಲದ ನಿಜವಾದ ಬಲವನ್ನು ಲೆಕ್ಕಹಾಕಿದ ನಾರ್ವೆಯ ಎಂಜಿನಿಯರ್ ಲಾರಿಟ್ಸ್ ಬ್ಯೆರುಮ್ 1972ರಲ್ಲಿ ಇದಕ್ಕೊಂದು ತಿದ್ದುಪಡಿ ಕೊಟ್ಟರು: ಪ್ಲಾಸ್ಟಿಸಿಟಿ ಸೂಚ್ಯಂಕ (ಜೇಡಿಯ ಜಿಗುಟಿನ ಅಳತೆ) 20ರ ಆಸುಪಾಸಿನಲ್ಲಿದ್ದರೆ ಅಂಕಿಯನ್ನು ಹಾಗೆಯೇ ಇಟ್ಟುಕೊಳ್ಳಬಹುದು, 60ರ ಹತ್ತಿರವಿದ್ದರೆ ಸುಮಾರು ಕಾಲು ಭಾಗವನ್ನು ಕಳೆಯಬೇಕು. ಅತಿ ಮೆದುವಾದ, ಹೆಚ್ಚು ಜಿಗುಟಾದ ಜೇಡಿಗೇ ಹೆಚ್ಚು ಕಡಿತ ಬೀಳುವುದರಿಂದ ಈ ತಿದ್ದುಪಡಿಯನ್ನು ಮರೆತವರು ಎಲ್ಲಿ ಎಚ್ಚರ ಬೇಕಿತ್ತೋ ಅಲ್ಲಿಯೇ ತಪ್ಪುತ್ತಾರೆ.

ಬೋರ್‌ಹೋಲ್‌ಗಳನ್ನು ಸಮ ಅಂತರದಲ್ಲಿ ಗುರುತುಹಾಕುವ ಮೊದಲು ಹಳೆಯ ನಕ್ಷೆ ಮತ್ತು ವೈಮಾನಿಕ ಚಿತ್ರಗಳನ್ನು ನೋಡಬೇಕು. ಹೂತುಹೋದ ಹಳೆಯ ಹೊಳೆಯ ಪಾತ್ರ, ಮುಚ್ಚಿದ ಕೆರೆ ಅಥವಾ ಕಾಲುವೆ ರಸ್ತೆಯನ್ನು ದಾಟುವ ಜಾಗದಲ್ಲಿ ಜೇಡಿಯ ದಪ್ಪ ಹಠಾತ್ತನೆ ಹೆಚ್ಚುತ್ತದೆ. ಇಡೀ ಉದ್ದದ ಸರಾಸರಿ ಚೆನ್ನಾಗಿದ್ದರೂ ಏರಿ ಜಾರುವುದು ಇಂಥ ಐವತ್ತು ಮೀಟರಿನಲ್ಲಿಯೇ.

ಎರಡನೆಯ ಹೆಜ್ಜೆ: ಕೈಲೆಕ್ಕ

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಒಂದು ಹಾಳೆಯ ಮೇಲೆ ಕೈಲೆಕ್ಕ ಮಾಡಿಕೊಳ್ಳುವುದನ್ನು ನಾನು ಬಲವಾಗಿ ಒತ್ತಾಯಿಸುತ್ತೇನೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೇಲೆ 1 ಮೀಟರ್ ದಪ್ಪದ ಒಣಗಿದ ಗಟ್ಟಿ ಪದರ, ಅದರಡಿಯಲ್ಲಿ ನೀರಿನ ಮಟ್ಟ, ಅಲ್ಲಿಂದ 8 ಮೀಟರ್ ಮೆದು ಜೇಡಿ, ಅದರ ಕೆಳಗೆ ಮರಳು ಇದೆಯೆಂದಿಟ್ಟುಕೊಳ್ಳಿ. ಜೇಡಿಯ ಶಿಯರ್ ಬಲ, ಅಂದರೆ ಜಾರುವುದನ್ನು ತಡೆಯುವ ಶಕ್ತಿ, 10 ಕಿಲೋಪ್ಯಾಸ್ಕಲ್ (ಚದರ ಮೀಟರಿಗೆ 10 ಕಿಲೋನ್ಯೂಟನ್). ರಸ್ತೆ ನೆಲದಿಂದ 3 ಮೀಟರ್ ಎತ್ತರದಲ್ಲಿರಬೇಕು. ಏರಿಯ ಮಣ್ಣು ಘನ ಮೀಟರಿಗೆ 20 ಕಿಲೋನ್ಯೂಟನ್ ತೂಗುತ್ತದೆ.

ಮೊದಲನೆಯದು ನಿಲುವಿನ ಲೆಕ್ಕ, ಅಂದರೆ ಏರಿ ಜಾರದೆ ನಿಲ್ಲುವುದೇ ಎಂಬುದು. ಮೆದುನೆಲ ಹೊರಬಲ್ಲ ಗರಿಷ್ಠ ಭಾರ ಅದರ ಶಿಯರ್ ಬಲದ ಸುಮಾರು 5.14 ಪಟ್ಟು, ಅಂದರೆ ಇಲ್ಲಿ 51 ಕಿಲೋಪ್ಯಾಸ್ಕಲ್, ಅಂದರೆ ಎರಡೂವರೆ ಮೀಟರ್ ಮಣ್ಣು. 1.3ರಷ್ಟು ಸುರಕ್ಷತಾಂಕ (ನೆಲ ಹೊರಬಲ್ಲ ಭಾರಕ್ಕೂ ಹಾಕುವ ಭಾರಕ್ಕೂ ಇರುವ ಅನುಪಾತ) ಉಳಿಸಿಕೊಳ್ಳಬೇಕಾದರೆ ಒಮ್ಮೆಗೆ ಎರಡು ಮೀಟರಿಗಿಂತ ಹೆಚ್ಚು ಹಾಕುವಂತಿಲ್ಲ. ವಿವರವಾದ ಸ್ಲಿಪ್ ಸರ್ಕಲ್ (ನೆಲ ಜಾರುವ ವೃತ್ತದ) ವಿಶ್ಲೇಷಣೆ ಆಮೇಲೆ ಆಗಲೇಬೇಕು, ಆದರೆ ‘ಒಂದೇ ಬಾರಿಗೆ ಆಗುವುದಿಲ್ಲ’ ಎಂಬ ತೀರ್ಮಾನ ಈ ಮೂರು ಸಾಲಿನಲ್ಲಿಯೇ ಸಿಕ್ಕಿತು.

ಎರಡನೆಯದು ಇಳಿತದ ಲೆಕ್ಕ. ಜೇಡಿಯ ಕಂಪ್ರೆಷನ್ ಸೂಚ್ಯಂಕ (ಭಾರಕ್ಕೆ ಎಷ್ಟು ತಗ್ಗುತ್ತದೆಂಬ ಅಳತೆ) 0.8, ಆರಂಭದ ರಂಧ್ರಾನುಪಾತ (ಸಂದುಗಳ ಗಾತ್ರಕ್ಕೂ ಕಣಗಳ ಗಾತ್ರಕ್ಕೂ ಇರುವ ಅನುಪಾತ) 2, ಪದರದ ನಡುಮಟ್ಟದಲ್ಲಿ ಈಗಿರುವ ಪರಿಣಾಮಕಾರಿ ಒತ್ತಡ (ಕಣಗಳು ಹೊರುವ ಪಾಲು) 37 ಕಿಲೋಪ್ಯಾಸ್ಕಲ್ ಆಗಿದ್ದು, ಈ ನೆಲ ಹಿಂದೆಂದೂ ಇದಕ್ಕಿಂತ ಹೆಚ್ಚಿನ ಭಾರವನ್ನು ಹೊತ್ತಿಲ್ಲವೆಂದು ಹಿಡಿದರೆ, 3 ಮೀಟರ್ ಮಣ್ಣಿಗೆ ಸುಮಾರು 0.9 ಮೀಟರ್ ಇಳಿತ ಬರುತ್ತದೆ. ಅನೇಕರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇಳಿದಷ್ಟು ಎತ್ತರವನ್ನು ತುಂಬಿಕೊಡಲು ಇನ್ನಷ್ಟು ಮಣ್ಣು ಬೇಕು. ಆ ಮಣ್ಣೂ ಭಾರವೇ. ನೀರಿನೊಳಗೆ ಮುಳುಗಿದ ಭಾಗದ ತೂಕ ಕಡಿಮೆಯಾಗುವುದನ್ನು ಕಳೆದು ಮತ್ತೆ ಮತ್ತೆ ಲೆಕ್ಕಹಾಕಿದರೆ ಇಳಿತ 1 ಮೀಟರಿನ ಹತ್ತಿರ ಬಂದು ನಿಲ್ಲುತ್ತದೆ. ಹೀಗೆ 3 ಮೀಟರಿನ ರಸ್ತೆಗೆ 4 ಮೀಟರ್ ಮಣ್ಣು ಬೇಕಾಗುತ್ತದೆ, ಮತ್ತು ನಿಲುವಿನ ಲೆಕ್ಕವನ್ನೂ 4 ಮೀಟರಿಗೇ ಮಾಡಬೇಕಾಗುತ್ತದೆ. ಮಣ್ಣಿನ ಪ್ರಮಾಣದ ಬಿಲ್ಲಿನಲ್ಲಿ ಈ ಒಂದು ಮೀಟರ್ ಬಿಟ್ಟುಹೋದರೆ ಮುಂದೆ ಗುತ್ತಿಗೆದಾರರಿಗೂ ಇಲಾಖೆಗೂ ನಡುವೆ ವ್ಯಾಜ್ಯ ಖಚಿತ.

ಮೂರನೆಯದು ಕಾಲದ ಲೆಕ್ಕ. ಕನ್ಸಾಲಿಡೇಷನ್ ಗುಣಾಂಕ (ನೀರು ಹೊರಹೋಗಿ ನೆಲ ತಗ್ಗುವ ವೇಗದ ಅಳತೆ) ವರ್ಷಕ್ಕೆ 1 ಚದರ ಮೀಟರ್ ಇದ್ದು, ನೀರು ಮೇಲಕ್ಕೂ ಕೆಳಕ್ಕೂ ಹೋಗಬಲ್ಲದಾದರೆ, ಇಳಿತದ ಶೇಕಡ 90 ಮುಗಿಯಲು 13ರಿಂದ 14 ವರ್ಷ ಬೇಕು. ಕೆಳಗೆ ಮರಳಿಲ್ಲದೆ ಬಂಡೆಯಿದ್ದು ನೀರಿಗೆ ಒಂದೇ ದಾರಿಯಿದ್ದರೆ ಅದು 54 ವರ್ಷವಾಗುತ್ತದೆ. ನೀರು ನಡೆಯಬೇಕಾದ ದೂರ ಇಮ್ಮಡಿಯಾದರೆ ಕಾಲ ನಾಲ್ಮಡಿಯಾಗುತ್ತದೆ ಎಂಬ ಈ ನಿಯಮವೇ ಮುಂದಿನ ಉಪಾಯಗಳಿಗೆಲ್ಲ ಮೂಲ.

ಮೂರನೆಯ ಹೆಜ್ಜೆ: ಉಪಾಯದ ಆಯ್ಕೆ

ಮೆದು ಪದರ ಮೂರು ನಾಲ್ಕು ಮೀಟರಿನೊಳಗೇ ಮುಗಿಯುವುದಾದರೆ ಅದನ್ನು ಅಗೆದು ತೆಗೆದು ಒಳ್ಳೆಯ ಮಣ್ಣನ್ನೋ ಮರಳನ್ನೋ ತುಂಬುವುದು ಸಾಮಾನ್ಯವಾಗಿ ಸರಳ ಮತ್ತು ನಿಶ್ಚಿತ ಮಾರ್ಗ. ಅದಕ್ಕಿಂತ ಆಳಕ್ಕೆ ಹೋದಂತೆ ಅಗೆತದ ಅಂಚುಗಳೇ ಕುಸಿಯತೊಡಗುತ್ತವೆ, ಅಗೆದ ಕೆಸರನ್ನು ಹಾಕುವ ಜಾಗವೂ ಸಿಗುವುದಿಲ್ಲ.

ಆಳವಾದ ಜೇಡಿಗೆ ನನ್ನ ಮೊದಲ ಆಯ್ಕೆ ನೀರಿಗೆ ಹತ್ತಿರದ ದಾರಿ ಮಾಡಿಕೊಡುವ ಲಂಬ ಡ್ರೇನ್‌ಗಳು ಮತ್ತು ಹಂತ ಹಂತದ ಭಾರ. ಸುಮಾರು 100 ಮಿಲಿಮೀಟರ್ ಅಗಲ, ಕೆಲವೇ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಪಟ್ಟಿಗೆ ಫಿಲ್ಟರ್ ಬಟ್ಟೆ ಸುತ್ತಿರುವ ಈ ಡ್ರೇನ್‌ಗಳ ಪೂರ್ವಜ ಸ್ವೀಡನ್ನಿನ ವಾಲ್ಟರ್ ಶೆಲ್ಮನ್ ರೂಪಿಸಿದ ರಟ್ಟಿನ ಪಟ್ಟಿ. ಡ್ರೇನ್‌ಗಳನ್ನು 1.2 ಮೀಟರ್ ಅಂತರದ ತ್ರಿಕೋನ ವಿನ್ಯಾಸದಲ್ಲಿ ಇಳಿಸಿದರೆ ನೀರು ನಾಲ್ಕು ಮೀಟರ್ ನಡೆಯುವ ಬದಲು ಅಡ್ಡಡ್ಡವಾಗಿ ಅರ್ಧ ಮೀಟರಿಗಿಂತ ತುಸು ಹೆಚ್ಚು ನಡೆದರೆ ಸಾಕು. ಅಡ್ಡ ದಿಕ್ಕಿನ ಗುಣಾಂಕ ವರ್ಷಕ್ಕೆ 2 ಚದರ ಮೀಟರ್ ಇದ್ದರೆ ಶೇಕಡ 90ಕ್ಕೆ ಆದರ್ಶ ಲೆಕ್ಕದಲ್ಲಿ ಆರು ತಿಂಗಳು ಬರುತ್ತದೆ. ಆದರೆ ಡ್ರೇನ್ ಇಳಿಸುವಾಗ ಉಕ್ಕಿನ ಕೊಳವೆ ಸುತ್ತಲಿನ ಜೇಡಿಯನ್ನು ಕದಡಿ ಮೆತ್ತಿಬಿಡುವುದರಿಂದ ಹತ್ತು ತಿಂಗಳನ್ನು ಇಟ್ಟುಕೊಳ್ಳುವುದು ಪ್ರಾಮಾಣಿಕ ಅಂದಾಜು. ಅಂತರವನ್ನು ಒಂದು ಮೀಟರಿಗಿಂತ ಬಹಳ ಕಡಿಮೆ ಮಾಡಿದರೆ ಕದಡಿದ ವಲಯಗಳೇ ಒಂದಕ್ಕೊಂದು ತಾಗಿ ಲಾಭ ಕರಗುತ್ತದೆ.

ಏರಿಯ ಬುಡದಲ್ಲಿ ಹಾಸುವ ಬಲವಾದ ಜಿಯೋಗ್ರಿಡ್ ಅಥವಾ ಪ್ಲಾಸ್ಟಿಕ್ ಎಳೆಗಳಿಂದ ನೇಯ್ದ ಬಟ್ಟೆಯಾದ ಜಿಯೋಟೆಕ್ಸ್‌ಟೈಲ್ ಏರಿ ಹರಡಿ ಜಾರದಂತೆ ಹಿಡಿಯುತ್ತದೆ. ಇಳಿತವನ್ನು ಮಾತ್ರ ಅದು ತಡೆಯುವುದಿಲ್ಲ. ಈ ಎರಡನ್ನೂ ಒಂದೆಂದು ತಿಳಿಯುವ ತಪ್ಪು ಬಹಳ ಕಡೆ ಕಾಣುತ್ತದೆ. ಜಾಗವಿದ್ದರೆ ಎರಡೂ ಬದಿಗೆ ತಗ್ಗಾದ ಮಣ್ಣಿನ ದಿಣ್ಣೆಗಳಾದ ಬರ್ಮ್‌ಗಳನ್ನು ಕಟ್ಟುವುದು ಅಗ್ಗವೂ ನಂಬಿಕೆಗೆ ಅರ್ಹವೂ ಆದ ಹಳೆಯ ಉಪಾಯ. ಏರಿಯನ್ನು ಇನ್ನೂ ಎತ್ತರಿಸಲು ನೆಲ ಬಿಡದಿದ್ದಾಗ ನಿರ್ವಾತದ ಮೂಲಕ ಒತ್ತಡ ಹೇರಬಹುದು. ಗಾಳಿಯಾಡದ ಹಾಳೆ ಮುಚ್ಚಿ ಪಂಪಿನಿಂದ ಎಳೆದರೆ ಪ್ರಾಯೋಗಿಕವಾಗಿ 70 ಕಿಲೋಪ್ಯಾಸ್ಕಲ್ ಆಸುಪಾಸಿನ ಭಾರ ಸಿಗುತ್ತದೆ, ಅದೂ ಜೇಡಿಯನ್ನು ಹೊರಗೆ ತಳ್ಳದೆ ಒಳಕ್ಕೆ ಎಳೆಯುತ್ತ.

ಕಾಯಲು ಕಾಲವೇ ಇಲ್ಲದಿದ್ದರೆ ಭಾರವನ್ನು ಆಳದ ಗಟ್ಟಿ ಪದರಕ್ಕೆ ಒಯ್ಯಬೇಕು: ಜಲ್ಲಿಕಂಬ, ಸಿಮೆಂಟ್ ಬೆರೆಸಿದ ಮಣ್ಣಿನ ಕಂಬ, ಅಥವಾ ಆಳಕ್ಕಿಳಿಸಿದ, ತಲೆಯ ಮೇಲೆ ಚಪ್ಪಡಿಯಿರುವ ಕಂಬಗಳಾದ ಪೈಲ್‌ಗಳು ಮತ್ತು ಅವುಗಳ ಮೇಲೆ ಜಿಯೋಗ್ರಿಡ್. ಅತಿ ಮೆದುವಾದ ಜೇಡಿಯಲ್ಲಿ ಸಾದಾ ಜಲ್ಲಿಕಂಬಕ್ಕೆ ಪಕ್ಕದ ಆಸರೆ ಸಾಲದೆ ಅದು ಉಬ್ಬಿಹೋಗುತ್ತದೆ. ನಮ್ಮ ಉದಾಹರಣೆಯ 10 ಕಿಲೋಪ್ಯಾಸ್ಕಲ್ ನೆಲದಲ್ಲಿ ಜಿಯೋಟೆಕ್ಸ್‌ಟೈಲ್ ಚೀಲದ ಕವಚವಿಲ್ಲದೆ ಅದನ್ನು ನಾನು ಸೂಚಿಸಲಾರೆ. ಇನ್ನೊಂದು ದಾರಿ ಏರಿಯನ್ನೇ ಹಗುರಗೊಳಿಸುವುದು. ನಾರ್ವೆಯಲ್ಲಿ 1972ರಲ್ಲಿಯೇ ರಸ್ತೆ ಏರಿಗೆ ಬಳಸಲಾದ ಇ.ಪಿ.ಎಸ್. (ಥರ್ಮೊಕೋಲ್) ದಿಮ್ಮಿಗಳು ಮಣ್ಣಿನ ನೂರನೆಯ ಒಂದು ಭಾಗದಷ್ಟೇ ತೂಗುತ್ತವೆ. ಅವು ಪ್ರವಾಹದಲ್ಲಿ ತೇಲಬಹುದು, ಪೆಟ್ರೋಲ್ ಸೋರಿದರೆ ಕರಗುತ್ತವೆ. ಆದ್ದರಿಂದ ಮೇಲೆ ಕಾಂಕ್ರೀಟ್ ಚಪ್ಪಡಿಯ ರಕ್ಷಣೆಯೂ ತೇಲುವಿಕೆಯ ಲೆಕ್ಕವೂ ಬೇಕೇ ಬೇಕು.

ನಾಲ್ಕನೆಯ ಹೆಜ್ಜೆ: ನೆಲದ ಸಿದ್ಧತೆ ಮತ್ತು ಡ್ರೇನ್ ಇಳಿಸುವುದು

ಗಟ್ಟಿ ನೆಲದಲ್ಲಿ ಮೇಲ್ಮಣ್ಣನ್ನು ಕೆತ್ತಿ ತೆಗೆಯುವುದು ಅಭ್ಯಾಸ. ಮೆದುನೆಲದಲ್ಲಿ ಹಾಗೆ ಮಾಡಬೇಡಿ. ಬಿಸಿಲಿಗೆ ಒಣಗಿದ ಮೇಲ್ಪದರ ಮತ್ತು ಹುಲ್ಲಿನ ಬೇರಿನ ಹೆಣಿಗೆ, ಅವೆರಡೇ ಯಂತ್ರಗಳನ್ನು ಹೊರುವ ತೊಗಲು. ಮರಗಳನ್ನು ನೆಲಮಟ್ಟಕ್ಕೆ ಕತ್ತರಿಸಿ, ಬೇರು ಕೀಳದೆ ಬಿಟ್ಟು, ಅದರ ಮೇಲೆಯೇ ಬೇರ್ಪಡಿಸುವ ಜಿಯೋಟೆಕ್ಸ್‌ಟೈಲ್ ಹಾಸಿ, ಅರ್ಧ ಮೀಟರ್ ದಪ್ಪದ ಸ್ವಚ್ಛ ಮರಳು ಹರಡಬೇಕು. ಡ್ರೇನ್‌ಗಳಿಂದ ಮೇಲೆ ಬಂದ ನೀರು ಬದಿಗೆ ಹೋಗುವುದು ಈ ಮರಳಿನ ಮೂಲಕವೇ ಆದುದರಿಂದ ಅದರಲ್ಲಿ ಜೇಡಿ ಬೆರೆತರೆ ಕೆಳಗಿನ ಎಲ್ಲ ಡ್ರೇನ್‌ಗಳ ಬಾಯಿ ಕಟ್ಟಿದಂತೆ. ಲಾರಿಗಳು ಹಿಮ್ಮುಖವಾಗಿ ಬಂದು ಹಾಕಿದ ಮರಳಿನ ಮೇಲೆಯೇ ಸುರಿಯಬೇಕು, ಹಗುರವಾದ ಅಗಲ ಪಟ್ಟಿಯ ಡೋಜರ್ ತೆಳುವಾಗಿ ಮುಂದಕ್ಕೆ ತಳ್ಳಬೇಕು. ಒಂದೇ ಕಡೆ ರಾಶಿ ಸುರಿದರೆ ಅದರ ಮುಂದೆ ಕೆಸರಿನ ಅಲೆಯೆದ್ದು ಬಟ್ಟೆಯನ್ನು ಹರಿಯುತ್ತದೆ.

ಡ್ರೇನ್ ಇಳಿಸುವಾಗ ಪ್ರತಿಯೊಂದರ ಆಳವನ್ನೂ ದಾಖಲಿಸಬೇಕು. ಕೊಳವೆ ಮೇಲೆ ಬರುವಾಗ ಪಟ್ಟಿಯೂ ಅದರೊಡನೆ ಮೇಲೆ ಬಂದಿದ್ದರೆ ಆ ಡ್ರೇನ್ ಇಲ್ಲವೆಂದೇ ಲೆಕ್ಕ. ಪಕ್ಕದಲ್ಲಿ ಇನ್ನೊಂದನ್ನು ಇಳಿಸಬೇಕು. ಪಟ್ಟಿಯ ತುದಿ ಮರಳಿನ ಮೇಲೆ ಒಂದು ಗೇಣು ಉಳಿಯುವಂತೆ ಕತ್ತರಿಸಬೇಕು. ಜೇಡಿಯ ಕೆಳಗಿನ ಮರಳಿನಲ್ಲಿ ನೀರು ಒತ್ತಡದಲ್ಲಿದ್ದರೆ ಡ್ರೇನ್ ಅಲ್ಲಿಗೆ ತಾಗದಂತೆ ಒಂದು ಮೀಟರ್ ಮೇಲೆಯೇ ನಿಲ್ಲಿಸಬೇಕು, ಇಲ್ಲದಿದ್ದರೆ ಹೊರಹಾಕಲು ಇಳಿಸಿದ ಡ್ರೇನೇ ನೀರನ್ನು ಒಳತರುತ್ತದೆ.

ಐದನೆಯ ಹೆಜ್ಜೆ: ಮಣ್ಣು ಏರಿಸುವುದು, ಅಳೆಯುವುದು, ಕಾಯುವುದು

ಮಾಪನ ಸಾಧನಗಳನ್ನು ಮಣ್ಣು ಬೀಳುವ ಮೊದಲೇ ಕೂರಿಸಬೇಕು, ಏಕೆಂದರೆ ತಡವಾಗಿ ಕೂರಿಸಿದ, ಇಳಿತ ಅಳೆಯುವ ಸೆಟ್ಲ್‌ಮೆಂಟ್ ಪ್ಲೇಟ್ ಅದಾಗಲೇ ಆಗಿಹೋದ ಇಳಿತವನ್ನು ಎಂದೂ ಹೇಳಲಾರದು. ಏರಿಯ ನಡುವೆ ಮತ್ತು ಭುಜದ ಕೆಳಗೆ ಪ್ಲೇಟ್‌ಗಳು, ಜೇಡಿಯ ಬೇರೆ ಬೇರೆ ಆಳದಲ್ಲಿ ನೀರಿನ ಒತ್ತಡ ಅಳೆಯುವ ಪೀಜೋಮೀಟರ್‌ಗಳು, ಬುಡದಲ್ಲಿ ಪಕ್ಕಸರಿತ ಅಳೆಯುವ ಇನ್‌ಕ್ಲಿನೋಮೀಟರ್, ಬುಡದಾಚೆ ಸಾಲು ಗೂಟಗಳು ಬೇಕು. ಗೂಟಗಳಿಗೆ ಖರ್ಚೇ ಇಲ್ಲ, ಆದರೂ ಜಾರುಕುಸಿತದ ಸುಳಿವನ್ನು ಎಲ್ಲಕ್ಕಿಂತ ಮೊದಲು ಕೊಡುವುದು ಅನೇಕ ಸಲ ಅವೇ.

ನಮ್ಮ ಉದಾಹರಣೆಯಲ್ಲಿ ಮೊದಲ ಹಂತ 2 ಮೀಟರ್. ಅದರ ಭಾರ 40 ಕಿಲೋಪ್ಯಾಸ್ಕಲ್. ಶೇಕಡ 80ರಷ್ಟು ಕನ್ಸಾಲಿಡೇಷನ್ ಆದ ಮೇಲೆ, ಹೆಚ್ಚಿದ ಪರಿಣಾಮಕಾರಿ ಒತ್ತಡದ 0.22 ಪಾಲಿನಷ್ಟು ಶಿಯರ್ ಬಲ ಹೆಚ್ಚುತ್ತದೆ ಎಂಬ ಬಳಕೆಯ ನಿಯಮದಂತೆ, ಜೇಡಿಯ ಬಲ 10ರಿಂದ ಸುಮಾರು 17ಕ್ಕೆ ಏರುತ್ತದೆ. ಆಗ ಅದೇ ಸುರಕ್ಷತಾಂಕದಲ್ಲಿ ಒಟ್ಟು 3.3 ಮೀಟರ್ ವರೆಗೆ ಹೋಗಬಹುದು. ಮತ್ತೆ ಕಾದರೆ ಬಲ 21 ದಾಟಿ 4 ಮೀಟರಿಗೆ ದಾರಿಯಾಗುತ್ತದೆ. ಮೇಲೆ ಹೇಳಿದ ಡ್ರೇನ್‌ಗಳಿದ್ದರೆ ಪ್ರತಿ ಕಾಯುವಿಕೆಗೂ ಏಳು ತಿಂಗಳಿನ ಆಸುಪಾಸು ಬೇಕು. ಬುಡಕ್ಕೆ ಜಿಯೋಗ್ರಿಡ್ ಅಥವಾ ಬದಿಗೆ ಬರ್ಮ್ ಸೇರಿಸಿದರೆ ಒಂದು ಹಂತವನ್ನು ಉಳಿಸಬಹುದು. ಇಲ್ಲೊಂದು ಎಚ್ಚರಿಕೆ: ಈ ಬಲವರ್ಧನೆ ಏರಿಯ ನಡುವಿನ ಕೆಳಗೆ ಪೂರ್ಣವಾಗಿ, ಇಳಿಜಾರಿನ ಕೆಳಗೆ ಭಾಗಶಃ, ಬುಡದಾಚೆ ಶೂನ್ಯವಾಗಿ ದೊರೆಯುತ್ತದೆ. ಜಾರುವ ವೃತ್ತ ಈ ಮೂರೂ ವಲಯಗಳನ್ನು ಹಾದುಹೋಗುವುದರಿಂದ ಎಲ್ಲೆಡೆಯೂ 17 ಎಂದು ಬರೆದುಕೊಂಡು ವಿಶ್ಲೇಷಣೆ ಮಾಡಬಾರದು. ಮುಂದಿನ ಹಂತಕ್ಕೆ ಅನುಮತಿ ಕೊಡುವ ಮೊದಲು ಮತ್ತೊಮ್ಮೆ ವೇನ್ ಅಥವಾ ಕೋನ್ ಪರೀಕ್ಷೆ ಮಾಡಿಸಿ ಬಲ ನಿಜವಾಗಿಯೂ ಏರಿದೆಯೇ ಎಂದು ನೋಡಬೇಕು.

ಮಣ್ಣು ಏರಿಸುವ ದಿನಗಳಲ್ಲಿ ಪ್ರತಿದಿನವೂ ಅಳತೆ ತೆಗೆದು ಅಂದೇ ಗೆರೆ ಎಳೆಯಬೇಕು. ನಡುವಿನ ಇಳಿತ ದಿನಕ್ಕೆ 10 ಮಿಲಿಮೀಟರ್, ಬುಡದ ಪಕ್ಕಸರಿತ ದಿನಕ್ಕೆ 5 ಮಿಲಿಮೀಟರ್ ಮೀರಿದರೆ ಕೆಲಸ ನಿಲ್ಲಿಸುವುದು ಬಳಕೆಯಲ್ಲಿರುವ ಒಂದು ಮಿತಿ. ಆದರೆ ಅಂಕಿಗಿಂತ ಗೆರೆಯ ಬಾಗು ಮುಖ್ಯ. ಇಳಿತ ಹೆಚ್ಚುತ್ತಿದ್ದರೂ ಪಕ್ಕಸರಿತ ಅದರ ಸಣ್ಣ ಪಾಲಾಗಿಯೇ ಉಳಿದಿದ್ದರೆ ನೆಲ ಗಟ್ಟಿಯಾಗುತ್ತಿದೆ; ಮಣ್ಣು ಹಾಕುವುದನ್ನು ನಿಲ್ಲಿಸಿದ ಮೇಲೂ ಪಕ್ಕಸರಿತ ವೇಗಗೊಳ್ಳುತ್ತಿದ್ದರೆ, ನೀರಿನ ಒತ್ತಡ ಇಳಿಯದಿದ್ದರೆ, ಗೂಟಗಳು ಮೇಲೇಳುತ್ತಿದ್ದರೆ, ಏರಿಯ ನೆತ್ತಿಯಲ್ಲಿ ಉದ್ದುದ್ದ ಬಿರುಕು ಕಂಡರೆ, ಕೂಡಲೇ ಮೇಲಿನ ಮಣ್ಣನ್ನು ಇಳಿಸಬೇಕು ಮತ್ತು ಅದನ್ನು ಬುಡಕ್ಕೆ ಬರ್ಮ್ ಆಗಿ ಹಾಕಬೇಕು. ಆ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ ಸ್ಥಳದಲ್ಲಿರುವ ಎಂಜಿನಿಯರಿಗೆ ಲಿಖಿತವಾಗಿ ಇರಬೇಕು; ದೂರದ ಕಚೇರಿಯ ಒಪ್ಪಿಗೆಗೆ ಕಾಯುವಷ್ಟು ಸಮಯವನ್ನು ನೆಲ ಕೊಡುವುದಿಲ್ಲ.

ಲೆಕ್ಕವನ್ನು ಎಷ್ಟು ನಂಬಬೇಕೆಂಬುದಕ್ಕೆ ಮಲೇಷ್ಯಾದ ಮುಆರ್‌ನ ಪ್ರಯೋಗವನ್ನು ನೆನೆಯುವುದು ಒಳ್ಳೆಯದು. ಅಲ್ಲಿನ ಮೆದು ಸಮುದ್ರಜೇಡಿಯ ಮೇಲೆ ಹೆದ್ದಾರಿಗಾಗಿ ಹಲವು ಪ್ರಯೋಗ ಏರಿಗಳನ್ನು ಕಟ್ಟಿ, ಒಂದನ್ನು ಬೇಕೆಂದೇ ಕುಸಿಯುವವರೆಗೆ ಏರಿಸಲಾಯಿತು. ಅದು ಮಣ್ಣಿನ ದಪ್ಪ ಸುಮಾರು 5.4 ಮೀಟರ್ ತಲುಪಿದಾಗ ಕುಸಿಯಿತು. ಒಂದೇ ಪರೀಕ್ಷಾ ದತ್ತಾಂಶವನ್ನು ಮುಂದಿಟ್ಟುಕೊಂಡ ಪರಿಣತರ ಮುನ್ನಂದಾಜುಗಳು ಒಂದಕ್ಕೊಂದು ತಾಳೆಯಾಗಿರಲಿಲ್ಲ. ಉದ್ದವಾದ ಹೆದ್ದಾರಿಯಲ್ಲಿ ಇಂಥದೊಂದು ಪ್ರಯೋಗ ಏರಿಗೆ ಹಣವನ್ನೂ ಒಂದು ವರ್ಷವನ್ನೂ ತೆಗೆದಿಡುವುದು ದುಂದಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಆರನೆಯ ಹೆಜ್ಜೆ: ಹೆಚ್ಚುವರಿ ಭಾರ, ಸೇತುವೆಯ ತುದಿ, ಡಾಂಬರು

ಕೊನೆಯ ಮಟ್ಟದ ಮೇಲೆ ಇನ್ನೊಂದು ಮೀಟರಿನಷ್ಟು ತಾತ್ಕಾಲಿಕ ಮಣ್ಣನ್ನು ನೆಲ ತಡೆಯುವುದಾದರೆ ಹಾಕಿ, ಕೆಲವು ತಿಂಗಳು ಬಿಟ್ಟು ತೆಗೆದರೆ ರಸ್ತೆಯ ಮುಂದಿನ ಇಳಿತ ಬಹಳಷ್ಟು ಕಡಿಮೆಯಾಗುತ್ತದೆ. ನೀರೆಲ್ಲ ಹೋದ ಮೇಲೂ ಕಣಗಳು ಮರುಹೊಂದಿಕೊಳ್ಳುತ್ತ ನಡೆಯುವ ನಿಧಾನ ಇಳಿತವನ್ನು, ಪೀಟ್ ನೆಲದಲ್ಲಿ ಬಹಳ ಕಾಡುವ ಆ ಇಳಿತವನ್ನು, ತಗ್ಗಿಸುವುದಕ್ಕೂ ಇದೇ ದಾರಿ. ಯಾವಾಗ ತೆಗೆಯಬೇಕೆಂಬುದನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬಾರದು. ಜಪಾನಿನ ಎಂಜಿನಿಯರ್ ಅಸಾವೋಕಾ 1978ರಲ್ಲಿ ತೋರಿಸಿದ ವಿಧಾನ ಇಲ್ಲಿ ಬಹಳ ಉಪಯುಕ್ತ: ಭಾರ ಬದಲಾಗದ ಅವಧಿಯಲ್ಲಿ ಸಮಾನ ದಿನಗಳ ಅಂತರದಲ್ಲಿ ಅಳೆದ ಪ್ರತಿ ಇಳಿತವನ್ನು ಅದರ ಹಿಂದಿನ ಇಳಿತದ ಎದುರು ಗುರುತಿಸಿದರೆ ಬಿಂದುಗಳು ನೇರ ಗೆರೆಯ ಮೇಲೆ ಬರುತ್ತವೆ, ಆ ಗೆರೆ 45 ಡಿಗ್ರಿ ಗೆರೆಯನ್ನು ಸೇರುವ ಜಾಗವೇ ಅಂತಿಮ ಇಳಿತ. ಪೀಜೋಮೀಟರಿನ ಅಂಕಿಯೂ ಅದಕ್ಕೆ ಒಪ್ಪಿದರೆ ಮಣ್ಣು ತೆಗೆಯಬಹುದು.

ಸೇತುವೆಯ ತುದಿಯಲ್ಲಿ ಹೆಚ್ಚು ಎಚ್ಚರ ಬೇಕು. ಪೈಲ್‌ಗಳ ಮೇಲೆ ನಿಂತ, ಸೇತುವೆಯ ತುದಿಯನ್ನು ಹೊರುವ ಅಬಟ್‌ಮೆಂಟ್ ಇಳಿಯುವುದಿಲ್ಲ, ಪಕ್ಕದ ಏರಿ ಇಳಿಯುತ್ತದೆ. ಪ್ರತಿ ವಾಹನವೂ ಆ ಮೆಟ್ಟಿಲಿಗೆ ಬಡಿಯುತ್ತದೆ. ಪೈಲ್ ಇಳಿಸಿ ಆಮೇಲೆ ಏರಿ ಹಾಕಿದರೆ ಇನ್ನೂ ದೊಡ್ಡ ತೊಂದರೆಯಿದೆ: ತಗ್ಗುವ ಜೇಡಿ ಪೈಲ್‌ಗಳನ್ನು ಕೆಳಕ್ಕೆ ಎಳೆಯುತ್ತದೆ, ಹರಡುವ ಜೇಡಿ ಅವನ್ನು ಪಕ್ಕಕ್ಕೆ ಬಾಗಿಸುತ್ತದೆ. ಆದ್ದರಿಂದ ಅಬಟ್‌ಮೆಂಟ್ ಬರುವ ಜಾಗದಲ್ಲಿಯೂ ಏರಿಯನ್ನು ಮೊದಲು ಹಾಕಿ, ಇಳಿತ ಮುಗಿಸಿ, ಬೇಕಾದಷ್ಟು ಅಗೆದು, ಆಮೇಲೆ ಪೈಲ್ ಇಳಿಸುವುದು ಸರಿಯಾದ ಕ್ರಮ. ಏರಿಯಿಂದ ಸೇತುವೆಗೆ ಹಾಸುವ ಅಪ್ರೋಚ್ ಸ್ಲ್ಯಾಬ್ ಉಳಿದ ಅಲ್ಪ ವ್ಯತ್ಯಾಸವನ್ನು ಹಂಚುತ್ತದೆ, ದೊಡ್ಡದನ್ನು ಅಡಗಿಸಲಾರದು.

ಡಾಂಬರನ್ನು ಸಾಧ್ಯವಾದಷ್ಟು ತಡವಾಗಿ ಹಾಕಿ. ತೆರೆದ ರಸ್ತೆ ಇಳಿದಾಗಲೆಲ್ಲ ಮೇಲೊಂದು ಪದರ ಹಾಕಿ ಮಟ್ಟ ಮಾಡುವುದು ರೂಢಿಯಾಗಿಬಿಟ್ಟಿದೆ. ಆದರೆ 10 ಸೆಂಟಿಮೀಟರ್ ಡಾಂಬರು ಚದರ ಮೀಟರಿಗೆ 2 ಕಿಲೋನ್ಯೂಟನ್ ಮೀರಿದ ಹೊಸ ಭಾರ, ಅದು ಹೊಸ ಇಳಿತವನ್ನು ತರುತ್ತದೆ. ಹಳೆಯ ಪದರವನ್ನು ಕೆತ್ತಿ ತೆಗೆದು ಅಷ್ಟೇ ತೂಕ ಹಾಕುವುದು ಮೇಲು. ಡ್ರೇನ್‌ಗಳ ಆಳ, ಮಣ್ಣಿನ ನಿಜವಾದ ದಪ್ಪ ಮತ್ತು ಇಳಿತದ ಗೆರೆಗಳಿರುವ ಕಡತವನ್ನು ನಿರ್ವಹಣೆಯವರ ಕೈಗೆ ಒಪ್ಪಿಸಬೇಕು. ಮುಂದೊಮ್ಮೆ ರಸ್ತೆಯನ್ನು ಅಗಲಿಸುವಾಗ ಗಟ್ಟಿಯಾದ ಹಳೆಯ ಏರಿಯ ಪಕ್ಕದ ಇನ್ನೂ ಮೆದುವಾಗಿರುವ ನೆಲದ ಮೇಲೆ ಹೊಸ ಭಾರ ಬೀಳುತ್ತದೆ, ಹಳೆಯ ರಸ್ತೆಯ ಅಂಚು ಅದರೊಡನೆ ಕೆಳಗೆ ಎಳೆಯಲ್ಪಟ್ಟು ಉದ್ದಕ್ಕೆ ಬಿರಿಯುತ್ತದೆ. ಆ ದಿನ ವಿನ್ಯಾಸಕಾರರು ಮೊದಲು ಕೇಳುವುದು ಈ ಕಡತವನ್ನೇ.